ನಾಕು ಬೆರಳಿನ ಸಂದಿ

ಮೊದಲ ಕೆಲಸ, ಕಳ್ಳಿ ಸಾಲು ಕಡದು ಹಾಕಿದ್ದು.
ಮುರದ್ರ ಹಾಲು, ಹಾಲು ಕಣ್ಣಿಗೆ ಬಿದ್ರ ಕತ್ತಲಿ.
ಬೇಲಿ ಎದ್ದು ಹೊಲ ಮೇಯ್ದದ್ದು ಗಾದಿಯೊಳಗ ಕೇಳಿದ್ದೆ,
ಕೂತಲ್ಲೇ ಕೂತು ಕೂಸಿನ ಕಣ್ಣು ಮೇಯೂ ಬೇಲಿ
ನಮ್ಮ ಹಿತ್ತಲದಾಗ ಇತ್ತು.
ಮಾವನ ಚಾಳೀಸು ಹಾಕ್ಕೊಂಡು
ಕೈಗೆ ಹಾಲಿನ ಪಾಕೀಟ ಸುತಗೊಂಡು ಕಡದೆ.

ಬೆಟಗೇರಿಯ ಎರಡು ಮನಿಗೆ ಕೂಡಿ ಒಂದ ಹಿತ್ತಲ.
ಹತ್ತು ಹೆಜ್ಜಿ ಉದ್ದ, ಏಳು ಅಗಲ,
ನಾಕು ಬದನಿ ಗಿಡ, ಒಂದು ನುಗ್ಗಿ, ಬಾಡಿದ ಕರಿಬೇವು.
ಆಚೆ ಗಟಾರ. ಗಟಾರದಾಚೆ
ಟಂಟಂ ಓಡೂ ರಸ್ತೆ.

ಕೌಸರನ ಮಗ ಜುನೇದ ಓಡತಾನ,
ನನ್ನ ಶಾಂಭವಿ ಅಂವನ ಹಿಂದ ಓಡೂಕ ಹೋಗಿ ಬೀಳತಾಳ,
ಬಿದ್ದಲ್ಲಿಂದ ತೆವಳತಾಳ.
ಶ್ರಾವಣದ ಒಂದು ಮಧ್ಯಾಹ್ನ
ಗಟಾರದಾಗ ಅಂವನ ಚಪ್ಪಲಿ ತೇಲಿತ್ತು.
ಬರೇ ಚಪ್ಪಲಿ.
ಬರೇ ಚಪ್ಪಲಿ ಅನ್ನೂದು ತಿಳಿಯೂಕ
ನಮಗ ನಾಕು ನಿಮಿಷ ಹತ್ತಿದ್ವು.
ಅಂವ ನುಗ್ಗಿ ಬುಡಕ ಕೂತು ಮಣ್ಣು ತಿನ್ನಾಕತ್ತಿದ್ದ.

ಭಿಶಿ ಎತ್ತಿದ್ರಾಗ ಉಳದದ್ದು ಎಂಟನೂರಾ ನಲವತ್ತು.
ಜಾಳಿಗಿ ದರ ಕೇಳಿ ಅಂಗಡಿ ಪಾವಟಿಗಿ ಸುಮ್ಮನ ಇಳದ್ವಿ.
ಮಾತಿಲ್ಲ. ಒಂದು ಪ್ಲೇಟ ಗಿರಮಿಟ್ಟು ಇಬ್ಬರೂ ತಿಂದ್ವಿ.
ಎಂಟನೂರಾ ಹದಿನೈದು.

ಮಾವನ ಮಗ್ಗ ಬಿಚ್ಚಿ ಅಟ್ಟಕ್ಕ ಏರಿಸಿ ಒಂಬತ್ತು ವರ್ಷ.
ಹೆಂಗ ಕೇಳೂದಂತ ನಾನು ಎರಡು ಸಲ ಚಾ ಕೊಟ್ಟೆ.
ಮೂರನೇದಕ್ಕ ಅವರ ಅಂದ್ರು:
"ಗೆದ್ದಲ ತಿನ್ನೂಕಿಂತ ಕೂಸು ಹಿಡಕೊಂಡು ನಿಲ್ಲಲಿ, ತಗೀ."
ಮ್ಯಾಲೆ ಒಂದು ಮಾತು:
"ಹಣಿಗಿ ಹಲ್ಲಿನಂಗ ಇರಲಿ ಸಂದಿ, ಒಂದ ಸಮ.
ಅಡ್ಡ ಪಟ್ಟಿ ಒಳಮಗ್ಗಲ ಬ್ಯಾಡ,
ಏಣಿ ಅಂತ ಹತ್ತತಾವ."

ಮೌನೇಶ ಬಡಿಗೇರ ತೊಲಿ ಸೀಳಿದ.
ಅಂವನ ಪಗಾರ ನನ್ನ ಕಡೆ ಎರಡು ಜಂಪರ,
ಲೈನಿಂಗ್ ಬಟ್ಟಿ ಅವರದ.

ಮಲಗಿದಾಕಿ ತಲಿಗೆ ಟೇಪ ಸುತ್ತಿ ಅಳದೆ.
ಜಂಪರದ ಅಳತಿ ಬರಿಯೂ ವಹಿಯೊಳಗ
ಸೋಮವ್ವಕ್ಕನ ತೋಳಿನ ಕೆಳಗ ಬರದೆ:
ಶಾಂಭವಿ, ತಲಿ, ಹದಿನೆಂಟೂವರಿ.
ಸಂದಿ ಮಾತ್ರ ನಾಕು ಬೆರಳು,
ನನ್ನವಲ್ಲ, ಕೌಸರನವು. ಆಕಿ ಬೆರಳು ಸಣ್ಣ.

ಮುಳ್ಳುತಂತಿ ಬಿಚ್ಚಿ ಗುಜರಿಗೆ ಹಾಕಿದ್ವಿ, ಅರವತ್ತು ಬಂತು.
ಕಟ್ಟೂ ತಂತಿಯ ತುದಿಗೊಂದು ಸೈಕಲ್ ಟ್ಯೂಬಿನ ಟೊಪಿಗಿ.
ಮಳಿ ತುದಿ ಹೊರಗ ಹಣಕಿದಲ್ಲೆ ಮಡಚಿ ಬಡದ ಮೌನೇಶ.
ಬಣ್ಣ ಬ್ಯಾಡಂದೆ, ನೆಕ್ಕತಾವ.
ಕೊಬ್ಬರಿ ಎಣ್ಣಿ ಸಾಕು.

ಸಿಬರು ಹುಡುಕೂದು ಮಾತ್ರ ನನ್ನ ವಿದ್ಯಾ.
ರೇಷ್ಮಿ ಚೂರು ಪಟ್ಟಿ ಮ್ಯಾಲೆ ಮೆಲ್ಲಕ ಎಳಿಯೂದು,
ನೂಲು ಸಿಕ್ಕಿತಂದ್ರ ಅಲ್ಲೆ ಐತಿ.
ಮತ್ತ ಉಸುಕಿನ ಕಾಗದ, ಮತ್ತ ರೇಷ್ಮಿ.
ಮೂರು ರಾತ್ರಿ ಹಂಗ ತಿಕ್ಕಿದ್ವಿ,
ಕೌಸರ ಆ ಕಡೆ, ನಾನು ಈ ಕಡೆ,
ಸಂದಿಯೊಳಗ ಆಕಿ ಮುಖ ಪಟ್ಟಿ ಪಟ್ಟಿ.

ಒಂದ ಪಟ್ಟಿಗೆ ರೇಷ್ಮಿ ಸಿಗಲಿಲ್ಲ, ನೀರಿನಂಗ ಜಾರಿತು.
ಅದು ಹಲಗಿಯ ಹಿಡಿ.
ನಲವತ್ತು ವರ್ಷ ಮಾವನ ಅಂಗೈ ತಿಕ್ಕಿದ್ದು.
ಅದನ್ನ ಬಾಗಲದ ಮಗ್ಗಲ ನಿಲ್ಲಿಸಿದ್ವಿ.

ಅಗಳಿ ಹೊರಗ, ಮ್ಯಾಲೆ, ಗಟ್ಟಿ.
ನಾಕನೇ ದಿನ ಜುನೇದ ಬಕೇಟ ಬೋರಲ ಹಾಕಿ
ಹತ್ತಿ ನಿಂತು, ಕೈ ಹೊರಚಾಚಿ ತಗದ.
ಬೈಯೂದು ಬಿಟ್ಟು ಕೌಸರ ನಕ್ಕಳು, ಆಮ್ಯಾಲೆ ಅತ್ತಳು.
ಎರಡನೇ ಅಗಳಿಗೆ ನಲವತ್ತೈದು.
ಬಕೇಟ ಈಗ ಬಚ್ಚಲದಾಗ.

ಮುಗೀತು ಅನ್ನೂಹಂಗಿಲ್ಲ,
ಅವು ಎತ್ತರ ಆಗಾಕತ್ತಾವ.
ಮುಂಜಾನೆ ಎದ್ದು ಪಟ್ಟಿ ಪಟ್ಟಿಗೂ ಕೈ ಆಡಸತೇನಿ,
ಮಳಿಗಿ ಉಬ್ಬೇತೇನು, ಬಿಸಲಿಗೆ ಬಿರಕಬಿಟ್ಟೇತೇನು.

ಶಾಂಭವಿ ಆ ಒಂದು ಪಟ್ಟಿ ಹಿಡಕೊಂಡ ಏಳತಾಳ,
ಹಲ್ಲು ಬರೂ ವಸಡಿನಿಂದ ಅದನ್ನ ಕಡೀತಾಳ.
ಮಾವ ಕಟ್ಟಿ ಮ್ಯಾಲಿಂದ ನೋಡಿ,
"ಆಕಿದ ಅದು, ಬಿಡು" ಅಂತಾರ.