ಎರಡನೆಯ ಹಿಡಿ

ಚಪ್ಪಲಿ ಬಿಟ್ಟರು. ವಾಚು ಬಿಚ್ಚಿದರು.
ಕೂದಲ ಕ್ಲಿಪ್ಪನ್ನೂ ತೆಗೆದು ನನ್ನ ಕೈಗಿತ್ತು
ಉಸಿರೆಲ್ಲ ಹೊರಗೆ ಬಿಟ್ಟು
ತೂಕದ ಯಂತ್ರ ಹತ್ತಿದರು ಸುಲೋಚನಾ ಮೇಡಂ.
ಕೆಂಪು ಅಂಕಿ ಓಲಾಡಿ ಓಲಾಡಿ ನಿಂತಿತು:
ಎಪ್ಪತ್ತೆಂಟು, ಚಿಲ್ಲರೆ.
"ಚಿಲ್ಲರೆ ಬಿಡು" ಅಂದರು, "ಅದು ಸೀರೆಯದ್ದು."

ಚಿಕ್ಕಮಗಳೂರು, ಐ.ಜಿ. ರಸ್ತೆ,
ನಾನು ಕೆಲಸಕ್ಕಿರುವ ಮೆಡಿಕಲ್ಲು.
ಮೂರನೇ ಬೀರು, ಮೇಲಿನ ಸಾಲು,
ಬಿಳಿ ಬಾಟಲಿಯ ಮೇಲೆ ಹಳದಿ ಹಣ್ಣಿನ ಚಿತ್ರ.
ಅರವತ್ತು ಮಾತ್ರೆ. ಸಾವಿರದ ನೂರೈವತ್ತು.
ಅದರ ಹೆಸರು ಬಾಯಿಗೆ ಬರಲು ಒಂದು ವಾರ ಹಿಡಿಯಿತು,
ಗುರುತು ಹಿಡಿಯಲು ಒಂದು ಎವೆಯೂ ಬೇಕಾಗಲಿಲ್ಲ.
ಪುಟ್ಟ ಕುಂಬಳದಂತೆ ಮೈತುಂಬ ಗೀರು,
ಅಯ್ಯೋ, ಉಪ್ಪಾಗೆ!
ನೀನು ಯಾವಾಗ ಬಂದೆ ಮಾರಾಯ್ತಿ,
ಯಾವ ಬಸ್ಸಿಗೆ?

ಸಂಸೆಯಿಂದ ಮೇಲೆ, ಗುಡ್ಡದ ಬೆನ್ನಿಗೆ
ನಮ್ಮವ್ವ ದುಗ್ಗಮ್ಮ ಅದನ್ನು ಹೆಕ್ಕುತ್ತಿದ್ದಳು,
ಇಂಬಳಕ್ಕೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು,
ಮಂಗ ಬೀಜ ಚೀಪಿ ಎಸೆದದ್ದನ್ನೂ ಬಿಡದೆ.
ಒಲೆಯ ಮೇಲಿನ ತಟ್ಟಿಯಲ್ಲಿ ಸಿಪ್ಪೆ
ಹೊಗೆ ಕುಡಿದು ಕುಡಿದು
ಹಳದಿ ಕಂದಾಗಿ, ಕಂದು ಕಪ್ಪಾಗಿ
ಹತ್ತು ಕಿಲೋ ಹಣ್ಣು ಒಂದು ಕಿಲೋಗೆ ಇಳಿಯುತ್ತಿತ್ತು.
ಮೊದಲು ತೂಕ ಇಳಿಸಿಕೊಂಡದ್ದು ಹಣ್ಣೇ.
ಆಮೇಲೆ ಅವ್ವ.
ನವರಾತ್ರಿ ಬರುವ ಹೊತ್ತಿಗೆ
ಕೈ ಎತ್ತಿದರೆ ಬಳೆ ಮೊಣಕೈ ತನಕ ಜಾರುತ್ತಿತ್ತು.

ಕಳಸದಲ್ಲಿ ಪ್ರಭಾಕರಯ್ಯನ ತಕ್ಕಡಿ.
ಒಂದು ಸಿಪ್ಪೆ ಮುರಿದು, ಮೂಸಿ,
"ಇನ್ನೂ ಹಸಿ" ಎಂದು ಮೂಟೆಗೆ ಎರಡು ಕಿಲೋ ಮುರಿಯುತ್ತಿದ್ದ.
ಅವನದೂ ಪೂರ್ತಿ ಸುಳ್ಳಲ್ಲ.
ಅವ್ವ ಒಂದು ಹಿಡಿ ಉಪ್ಪು ಹಾಕುತ್ತಿದ್ದಳು, ಕೆಡದಿರಲೆಂದು;
ಇನ್ನೊಂದು ಹಿಡಿ, ನಮ್ಮನ್ನು ಆಚೆ ಕಳಿಸಿ,
ತೂಗಲೆಂದು.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ,
ನಮ್ಮ ಪರವಾಗಿ ಆ ಸಿಪ್ಪೆ ಕುಡಿಯುತ್ತಿತ್ತು.
ಎರಡನೆಯ ಹಿಡಿಯಲ್ಲಿ
ನನ್ನ ಎಸ್ಸೆಸ್ಸೆಲ್ಸಿ ಫೀಸು ಇತ್ತು.

"ಇದು ಹಸಿವು ಕಟ್ಟುತ್ತೆ ಅಲ್ವಾ?" ಮೇಡಂ ಕೇಳಿದರು.
ಏನನ್ನಲಿ?
ಹೊಳೆಮೀನಿನ ಸಾರಿಗೆ ಎರಡೆಸಳು ಬಿದ್ದರೆ
ತಮ್ಮ ಶೀನ ಗಂಜಿಯ ಪಾತ್ರೆಯ ತಳ ಕೆರೆಯುತ್ತಿದ್ದ.
ಜ್ವರ ಬಿಟ್ಟು ಬಾಯಿ ಕೆಟ್ಟವರಿಗೆ
ಅನ್ನ ಸೇರಲೆಂದು ಕೊಡುತ್ತಿದ್ದ ಹುಳಿ ಅದು.
ನಾನಂದೆ: "ಊಟಕ್ಕೆ ಅರ್ಧ ಗಂಟೆ ಮೊದಲು, ಮೇಡಂ.
ಲಿವರಿನ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ."

ಬಿಲ್ಲು ಹಾಕಬೇಕು, ಕರೆಂಟು ಹೋಯಿತು.
ಒಂದೂವರೆ. ಹಸಿದಿದ್ದೆ. ಡಬ್ಬಿ ತೆರೆದೆ.
ಅನ್ನ, ಒಣಮೆಣಸು ಸುಟ್ಟು ಅರೆದ ಗೊಜ್ಜು.
ಮೇಡಂ ಮೂಗು ಅರಳಿತು.
"ಏನೇ ಅದು?"
ಬಾಟಲಿ ತೋರಿಸಿದೆ, ಡಬ್ಬಿ ತೋರಿಸಿದೆ.
ನಂಬಲಿಲ್ಲ.
ಮುಚ್ಚಳದಲ್ಲಿ ಒಂದು ತುತ್ತು ಕೊಟ್ಟೆ.
ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು,
ನಾಲಗೆ ಟಕ್ಕೆಂದಿತು,
"ಇನ್ನೊಂಚೂರು" ಅಂದರು.
ಔಷಧಿ ಪೆಟ್ಟಿಗೆಗಳ ಸಂದಿಯಲ್ಲಿ, ಸ್ಟೂಲಿನ ಮೇಲೆ,
ಕರೆಂಟು ಬರುವ ತನಕ ಇಬ್ಬರೂ ಉಂಡೆವು.
ಅವರ ಪಾಲೇ ಹೆಚ್ಚು.
"ನಮ್ಮಜ್ಜಿ..." ಎಂದೇನೋ ಶುರುಮಾಡಿ
ಬೆರಳು ಚೀಪುತ್ತ ಮರೆತರು.

ಬಾಟಲಿ ಕೌಂಟರಿನ ಮೇಲೇ ಉಳಿಯಿತು.
ಸಂಜೆ ಬಂದು ಒಯ್ದರು, ದುಡ್ಡು ಎಣಿಸಿಟ್ಟು,
ನನ್ನ ಮುಖ ನೋಡದೆ.
ಯಂತ್ರ ಹತ್ತಲಿಲ್ಲ.

ರಾತ್ರಿ ಅವ್ವನಿಗೆ ಫೋನು ಮಾಡಿ
ಬಾಟಲಿಯ ಕತೆ ಹೇಳಿದೆ, ರೇಟು ಹೇಳಿದೆ.
ಆ ಕಡೆ ಬಹಳ ಹೊತ್ತು ಮಾತಿಲ್ಲ,
ಸೌದೆ ಚಟಪಟ ಅನ್ನುವುದಷ್ಟೇ.
ಆಮೇಲೆ, ಯಾರಿಗೋ ಕೇಳಿಸೀತೆಂಬಂತೆ,
ದನಿ ತಗ್ಗಿಸಿ:
"ಅವರೂ ಉಪ್ಪು ಹಾಕ್ತಾರೇನೇ?"