ಹೊತ್ತು ಮುಳುಗಿದಾಗ ಇಳಿಸು

ಮೇ ನಡುವೆ ಮೇಲೆದ್ದ ಸೂರ್ಯ ನಮ್ಮ ವಾರ್ಡೋ ದ್ವೀಪದಲ್ಲಿ
ಜುಲೈ ಮುಗಿಯುವ ತನಕ ಮಲಗುವುದಿಲ್ಲ.
ಹಟಮಾರಿ ಕೂಸಿನ ಹಾಗೆ
ಕಡಲಂಚಿಗೆ ಬಂದು, ಪಾದ ಅದ್ದಿ, ಮತ್ತೆ ಓಡುತ್ತಾನೆ.

ನನಗೋ ರಾತ್ರಿ ಪಾಳಿ.
ರಾಜ ಏಡಿಗಳ ಕಾಲು ಮುರಿದು, ತೂಗಿ, ಡಬ್ಬಿಗೆ ತುಂಬಿ
ಬೆಳಗಿನ ಆರಕ್ಕೆ ಮನೆಗೆ ಬಂದರೆ
ಬಿಸಿಲು ನನಗಿಂತ ಮೊದಲೇ ಹಾಸಿಗೆ ಹಿಡಿದಿರುತ್ತದೆ.
ಕಿಟಕಿಗೆ ಅಡುಗೆಮನೆಯ ಬೆಳ್ಳಿಹಾಳೆ ಅಂಟಿಸಿದೆವು.
ಗಾಳಿಗೆ ಅದು ರಾತ್ರಿಯಿಡೀ (ಹಗಲಿಡೀ ಅನ್ನಲೇ?)
ಚರಚರ ಚಾಡಿ ಹೇಳಿತು.

ಅಸ್ಲಾಕ್ ಅಂದ: ಮೋಟಾರಿನ ಪರದೆ ಕೊಳ್ಳೋಣ.

ಅಂಗಡಿಯ ಓಡ್‌ಲೈಫ್ ಮುದುಕ
ಬಟ್ಟೆಯ ತುಂಡುಗಳನ್ನು ಇಸ್ಪೀಟಿನಂತೆ ಹರಡಿದ:
ಬೆಳಕು ಸೋಸುವುದು, ಬೆಳಕು ನುಂಗುವುದು,
ಸೀಲ್ ಮರಿಯ ಬೂದಿ, ಒಲೆಯೊಳಗಿನ ಕಪ್ಪು.
ನಾನು ಕಪ್ಪನ್ನೇ ಕೆನ್ನೆಗೆ ಒತ್ತಿಕೊಂಡೆ.
"ಬಟ್ಟೆ ಎಷ್ಟು ದಪ್ಪವಾದರೇನು,
ಬೆಳಕು ನುಸುಳುವುದು ಬದಿಯಿಂದ.
ಎರಡೂ ಕಡೆ ಹಳಿ ಹಾಕಿಸಿ.
ಕಿಟಕಿಯ ಅಗಲ ಮೂರು ಕಡೆ ಅಳೆಯಿರಿ,
ಕಡಿಮೆ ಬಂದದ್ದನ್ನೇ ಬರೆಯಿರಿ."
ಅಳೆದೆವು. ಮೇಲೆ ತೊಂಬತ್ತೆರಡು, ಕೆಳಗೆ ತೊಂಬತ್ತೂವರೆ.
ಹದಿನೇಳು ವರ್ಷ ಸೊಟ್ಟ ಮನೆಯಲ್ಲಿ
ನೆಟ್ಟಗೆ ಬಾಳಿದ್ದೆವು, ಗೊತ್ತೇ ಇರಲಿಲ್ಲ.

ಎರಡು ಪರದೆ, ಎರಡು ಉದ್ದನೆಯ ಪೆಟ್ಟಿಗೆ,
ಹೆಗಲ ಮೇಲೆ ಹೊತ್ತು ತಂದೆವು.
ಮಲಗುವ ಕೋಣೆಗೊಂದು, ಅಡುಗೆಮನೆಗೊಂದು.
ಫೋನು ಕೇಳಿತು: ಯಾವಾಗ ಇಳಿಸಲಿ?
ಆರು ವರ್ಷದ ರಾಗ್ನ, ಸ್ಟೂಲಿನ ಮೇಲೆ ನಿಂತು,
ತಾನೇ ಆರಿಸಿದಳು:
ಹೊತ್ತು ಹುಟ್ಟಿದಾಗ ಎತ್ತು. ಹೊತ್ತು ಮುಳುಗಿದಾಗ ಇಳಿಸು.

ಪರದೆ ಕಾಯಿತು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಿತು.
ಹೊತ್ತು ಮುಳುಗದೆ ಹೊತ್ತು ಹೋಗುವುದು ಹೇಗೆ?
ಮೂರನೆಯ ದಿನ ಕಂಪನಿಗೆ ಫೋನು ಹಚ್ಚಿದೆ.
ದೂರದ ದಕ್ಷಿಣದಿಂದ ಒಂದು ಎಳೆಯ ದನಿ,
"ಸೂರ್ಯ ಮುಳುಗಿದ ಕೂಡಲೇ ತಾನಾಗಿ ಇಳಿಯುತ್ತದೆ."
ಯಾವತ್ತು?
ಕೀಲಿಮಣೆಯ ಟಕಟಕ. ಒಂದು ಮೌನ.
"ಜುಲೈ... ಕೊನೆಗೆ."
ಇಬ್ಬರೂ ನಕ್ಕೆವು.
ಅವಳು ಹುಷಾರಾಗಿ, ನಾನು ನಿದ್ದೆಗೆಟ್ಟವಳ ಹಾಗೆ.

ಆಮೇಲೆ ಆ ಕೆಲಸ ಅಸ್ಲಾಕನದು.
ದೋಣಿಯ ಮೇಲಿಂದ, ಬಲೆ ಎಳೆಯುವ ನಡುವೆ,
ಕೈಗವಸು ಹಲ್ಲಲ್ಲಿ ಕಚ್ಚಿ ತೆಗೆದು
ಫೋನಿನಲ್ಲಿ ಹೆಬ್ಬೆರಳು ಒತ್ತುತ್ತಾನೆ.
ಇಲ್ಲಿ ಗುಂಯ್ ಅನ್ನುತ್ತದೆ ಮೋಟಾರು.
ಬೆಳಗಿನ ಆರೂವರೆಗೆ
ಹನ್ನೆರಡು ಮೈಲಿ ದೂರದ ಗಂಡ
ನನಗೆ ರಾತ್ರಿ ಮಾಡಿಕೊಡುತ್ತಾನೆ.

ಅಡುಗೆಮನೆಯದನ್ನು ಮರೆತೇಬಿಟ್ಟೆವು.
ನವೆಂಬರಿನಲ್ಲಿ ಒಂದು ಮಧ್ಯಾಹ್ನ ಇಳಿದದ್ದು
ಮತ್ತೆ ಏಳಲಿಲ್ಲ. ಯಾರೂ ಕೇಳಲಿಲ್ಲ.
ಹೊರಗೂ ಅದೇ ಬಟ್ಟೆ ಹೊದ್ದಿತ್ತು ಲೋಕ.

ಜನವರಿಯ ಒಂದು ದಿನ, ಗಂಜಿ ಕುದಿಯುವಾಗ,
ಹೇಳದೆ ಕೇಳದೆ ಪರದೆ ಮೇಲೇರಿತು.
ರಾಗ್ನ ಚಮಚ ಬಿಟ್ಟು ಓಡಿದಳು. ಹೊರಗೆ
ಬರೀ ಹಿಮದ ಹುಡಿ, ಪಕ್ಕದ ಮನೆಯ ಹಿಮಗಾಡಿ, ಮಬ್ಬು.
ಕೋಟೆಯ ತೋಪು ಹಾರಲಿಲ್ಲ.
ಸೂರ್ಯ ಇಡಿಯಾಗಿ ಕಂಡರೆ ಮಾತ್ರ ಅದು ಹಾರುವುದು,
ಹಾರಿದರೆ ಮಾತ್ರ ಶಾಲೆಗೆ ರಜ.
"ಸುಳ್ಳುಬುರುಕ ಪರದೆ," ಅಂದಳು.
ಸುಳ್ಳಲ್ಲ ಮಗಳೇ, ಅದಕ್ಕೆ ಲೆಕ್ಕ ಗೊತ್ತು,
ಮೋಡ ಗೊತ್ತಿಲ್ಲ.

ಮತ್ತೆ ನಾಲ್ಕು ದಿನಕ್ಕೆ
ಬೀದಿದೀಪಕ್ಕೆ ಬೆನ್ನು ಕೊಟ್ಟು, ಕಪ್ಪು ಬಟ್ಟೆಯ ಹಿಂದೆ
ಗಾಢ ನಿದ್ದೆ ನನಗೆ.
ಗುಡ್ಡದ ಮೇಲೆ ಮಕ್ಕಳು ಕೂಗಿದರಂತೆ,
ತೋಪು ಹಾರಿತಂತೆ, ನಾನು ಕೇಳಲಿಲ್ಲ.
ಕೇಳಿದ್ದು ಗುಂಯ್.

ಕಡಲ ಮೇಲೆ ಅವನು ನನಗಿಂತ ಮೊದಲು ಕಂಡಿರಬೇಕು.
ಪೂರ್ತಿ ಎತ್ತಿರಲಿಲ್ಲ, ನನ್ನ ನಿದ್ದೆಯ ಬೆಲೆ ಬಲ್ಲವನು.
ಕೆಳಗಿನಿಂದ ಒಂದು ಗೇಣು, ಅಷ್ಟೇ.

ಎದುರು ಗೋಡೆಯ ಮೇಲೆ
ಬೇಯಿಸಿದ ಏಡಿಯ ಬಣ್ಣದ ಒಂದು ಪಟ್ಟಿ.
ನೋಡುತ್ತ ಮಲಗಿದ್ದೆ,
ಅದು ಬಾಗಿಲ ಚಿಲಕದವರೆಗೆ ಸರಿದು ಆರುವ ತನಕ.