ನಾಲ್ಕನೇ ಮೂತಿ

ಎಂಟು ಮೂತಿಯ ಯಂತ್ರ.
ಕಂಪನಿಯ ಹೆಸರು ಅಳಿಸಿ ಹೋಗಿ
ಉಳಿದದ್ದು ಒಂದು ಬಾಣದ ಗುರುತು, ಅದೂ ಕೆಳಮುಖ.
ಬಾಟಲಿಗಳು ಬಂದು ನಿಲ್ಲುತ್ತವೆ
ಬಿಸಿಯೂಟಕ್ಕೆ ನಿಂತ ಮಕ್ಕಳ ಹಾಗೆ,
ಆದರೆ ಒಂದೂ ಮುಂದಿನದರ ಜಡೆ ಎಳೆಯುವುದಿಲ್ಲ.

ಮೂತಿ ಇಳಿಯುತ್ತದೆ. ಹತ್ತಿಕಾಳಿನ ಎಣ್ಣೆ
ಮೊದಲು ದಾರ, ಆಮೇಲೆ ಹಗ್ಗ,
ಕುತ್ತಿಗೆಯ ತನಕ ಬಂದು ಗಕ್ಕನೆ ನಿಲ್ಲುತ್ತದೆ.
ಒಂಬೈನೂರ ಹತ್ತು ಗ್ರಾಂ.
ಲೀಟರು ಎಣ್ಣೆಗೆ ತೂಕ ಅಷ್ಟೇ
ಅಂತ ಗೊತ್ತಾದದ್ದು ನನಗೆ ಇಲ್ಲಿ.
ಅಲ್ಲೀತನಕ ಲೀಟರೆಂದರೆ ಕಿಲೋ ಎಂದು
ಎಷ್ಟು ಅಂಗಡಿಯವರ ಸಂಗಡ ಜಗಳಾಡಿದ್ದೆನೋ.

ಈಗ ನಾನು ತಕ್ಕಡಿಯ ಗಾಳೆಮ್ಮ.
ಅರ್ಧ ತಾಸಿಗೊಮ್ಮೆ ಮೂತಿಗೊಂದರಂತೆ
ಬಾಟಲಿ ಎತ್ತಿ ತೂಗುವುದು,
ವಹಿಯಲ್ಲಿ ಬರೆಯುವುದು, ಸಾಲಿಗೆ ಬಿಡುವುದು.

ಮೇ ತಿಂಗಳ ರಾಯಚೂರು. ತಗಡಿನ ಚಾವಣಿ.
ಎಣ್ಣೆ ತೆಳ್ಳಗಾಗಿ ಮಾತಾಳಿಯಾಗುತ್ತದೆ;
ಡಿಸೆಂಬರಿನಲ್ಲಿ ಅದಕ್ಕೇ ಏನು ಗತ್ತು!
ಫಿಟ್ಟರ್ ರಾಜಾಬಕ್ಷ ಅರ್ಧ ಸುತ್ತು ಸ್ಕ್ರೂ ತಿರುವಿ
‘ಹಂಗಾಮು ನೋಡಿ ಹೆಜ್ಜಿ ಹಾಕತೈತಿ ಇದು’ ಅನ್ನುತ್ತಾನೆ.

ನಾಲ್ಕನೇ ಮೂತಿಗೆ ಮಾತ್ರ ಒಂದು ಚಟ.
ಉಳಿದ ಏಳೂ ಬಾಯಿ ಮುಚ್ಚಿದ ಮೇಲೆ
ಏನೋ ನೆನಪಾದವರ ಹಾಗೆ
ಇನ್ನೊಂದು ಎಳೆ ಬಿಡುತ್ತದೆ.
ಒಂಬೈನೂರ ಹದಿನಾರು.

ಕೊಸರು.
ಅಳತೆ ಮುಗಿದು, ಲೆಕ್ಕ ಮುಗಿದು,
ಕೊಡುವವರ ಕೈ ಮತ್ತೂ ತುಸು ಬಾಗುವುದು.
ತೀನ್ ಕಂದೀಲಿನ ಹತ್ತಿರ
ಡಬ್ಬಿ ಇಟ್ಟುಕೊಂಡು ಕೂಡುತ್ತಿದ್ದ ಗಾಣಿಗರ ಸಿದ್ದವ್ವ
ಪಾವು ತುಂಬಿ ಸುರಿದು, ಬೋರಲು ಹಿಡಿದು,
ಅದರ ಅಂಚನ್ನು ನನ್ನ ಸೀಸೆಯ ಬಾಯಿಗೆ ತಿಕ್ಕಿ
ಮೇಲೊಂದು ಚಮಚ.
ಕೇಳದಿದ್ದರೆ ಕೊಡುತ್ತಿರಲಿಲ್ಲ,
ಕೇಳಿದರೆ ಬೈದು ಕೊಡುತ್ತಿದ್ದಳು.

ವಹಿಯಲ್ಲಿ ನಾನು ಒಂಬೈನೂರ ಹತ್ತು ಅಂತಲೇ ಬರೆದೆ.
ಒಂದು ತಿಂಗಳು. ಎರಡು.
ಆರು ಗ್ರಾಮಿನಲ್ಲಿ ಯಾರ ಮನೆಯೂ ಉದ್ಧಾರವಾಗುವುದಿಲ್ಲ, ಗೊತ್ತು.
ಮಾನ್ವಿಯಲ್ಲೋ ಸಿರವಾರದಲ್ಲೋ ಒಬ್ಬಾಕೆ
ಮಿರ್ಚಿ ಕರಿದು ಮುಗಿಸಿ, ಬಾಟಲಿ ತಲೆಕೆಳಗು ಮಾಡಿ,
‘ಇನ್ನೂ ಐತಲ್ಲ’ ಅಂದಿರಬಹುದು.
ಅಂದಿರಲಿಕ್ಕೂ ಇಲ್ಲ.

ಸಾಹುಕಾರರು ಕ್ಯಾಲ್ಕುಲೇಟರ್ ತಂದರು.
ದಿನಕ್ಕೆ ಎಂಟು ಸಾವಿರ ಬಾಟಲಿ,
ಅದರಲ್ಲಿ ನಾಲ್ಕನೆಯದರವು ಸಾವಿರ,
ಆರು ಕಿಲೋ, ತಿಂಗಳಿಗೆ ನೂರೈವತ್ತು.
ಕನ್ನಡಕ ಹಣೆಗೇರಿಸಿ ನನ್ನ ಕಡೆ ನೋಡಿ
‘ತಕ್ಕಡಿ ಸುಳ್ಳು ಹೇಳಂಗಿಲ್ಲವ್ವ’ ಅಂದರು.
‘ಇಲ್ರಿ’ ಅಂದೆ.
ಅರ್ಧ ದಿನದ ಪಗಾರ ಹೋಯಿತು.

ರಾಜಾಬಕ್ಷ ಮೂತಿ ಬಿಚ್ಚಿದ.
ಒಳಗೆ ಒಂದು ರಬ್ಬರಿನ ಉಂಗುರ,
ಒಂದು ಮಗ್ಗುಲು ಸವೆದು ಅಮಾವಾಸ್ಯೆ ಕಳೆದ ಚಂದ್ರ.
‘ನೋಡು, ಇಷ್ಟ’ ಅಂತ ನನ್ನ ಅಂಗೈಗೆ ಹಾಕಿದ.
ಕಿರುಬೆರಳಿಗೆ ಸರಿಯಾಗಿ ಕೂತಿತು,
ಸಾಬೂನಿಗೂ ಬಿಡದ ಎಣ್ಣೆಯ ಕಮಟು.
ಹೊಸದನ್ನು ಬಿಗಿದ. ಒಂಬೈನೂರ ಹತ್ತು.
ಎಂಟೂ ಒಂದೇ ತಾಯಿಯ ಮಕ್ಕಳು.

ಸಂಜೆ ಕರೆಂಟು ಹೋಯಿತು.
ಕಿಟಕಿಯಲ್ಲಿ ದೂರದ ಶಕ್ತಿನಗರದ ಹೊಗೆ,
ಇಲ್ಲಿ ಕತ್ತಲು.
ಪಟ್ಟಿ ನಿಂತಿತು, ಅರ್ಧ ತುಂಬಿದ ಬಾಟಲಿಗಳು ನಿಂತವು,
ರೂಢಿಯಂತೆ ನಾನು ಕಿವಿಗೊಟ್ಟೆ.
ಇಂಥ ಹೊತ್ತಿನಲ್ಲಿ ನಾಲ್ಕನೆಯದು
ಟಪ್ ಅನ್ನುತ್ತಿತ್ತು, ಮನೆಯಲ್ಲಿ ಯಾರೋ ಇದ್ದಾರೆ ಎಂಬಂತೆ.
ಈಗ ಏನೂ ಇಲ್ಲ. ಗೋಡೆಯ ಮೇಲೆ ಹಲ್ಲಿ ಮಾತ್ರ.

ಬೀಡಿಯ ಕೆಂಪು ಬಾಗಿಲಲ್ಲಿ ಒಮ್ಮೆ ಅಲ್ಲಾಡಿತು.
‘ಐದನೇದರದೂ ಸವಿಯಾಕ ಹತ್ತೈತಿ, ಗಾಳೆಮ್ಮ’
ಅಂದ ರಾಜಾಬಕ್ಷ, ಯಾರಿಗೋ ಹೇಳಿದಂತೆ.
‘ಮಳಿಗಾಲ ಮುಗಿಯೋದ್ರಾಗ...’

ನಾನು ಕೇಳಿಸದವಳಂತೆ
ಕತ್ತಲಲ್ಲೇ ತಡಕಿ
ಪೆನ್ನಿಗೆ ಮುಚ್ಚಳ ಹಾಕಿದೆ.